ಹನಮಂತಪ್ಪ ಮಾಸ್ತರರಿಗೊಂದು ಮೈದಾದ ಪೇಟಿ

ಸಂಶಿ, ಮೇ ೨, ೧೯೮೬, ಶುಕ್ರವಾರ

ಇಂದು ೧೯೮೬ನೆಯ ಇಸವಿಯ ಮೇ ತಿಂಗಳ ಎರಡನೆಯ ತಾರೀಖು. ಈ ವಹಿಯನ್ನು ತೆರೆದಿರುವ ನನ್ನ ಉದ್ದೇಶ ಖಚಿತವಾದದ್ದು. ಇದೇ ಇಪ್ಪತ್ಮೂರರಂದು, ವೈಶಾಖದ ಆಗಿ ಹುಣ್ಣಿಮೆಯ ಸಂಜೆ, ನಮ್ಮೂರಿನ ಸಂಗೀತ ಶಿಕ್ಷಕರಾದ ಹನಮಂತಪ್ಪ ಮಾಸ್ತರರ ಅರವತ್ತರ ಸಮಾರಂಭ ನಡೆಯಲಿದೆ. ಅಲ್ಲಿ ಅವರ ಮುಂದಿಡಲು ಹಾರ್ಮೋನಿಯಂ, ಅಂದರೆ ಊರವರು ಪೇಟಿ ಎಂದು ಕರೆಯುವ ವಾದ್ಯದ ಆಕಾರದಲ್ಲಿ, ತತ್ತಿಯಿಲ್ಲದ ಒಂದು ಕೇಕನ್ನು ನಾನು ಸಿದ್ಧಪಡಿಸಬೇಕು. ಅದಕ್ಕಾಗಿ ಮಾಡುವ ಪ್ರಯೋಗಗಳನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತೇನೆ.

ಜವಾಬ್ದಾರಿ ನನಗೆ ಬಂದ ಬಗೆ ಹೀಗೆ. ಸಮಾರಂಭದ ಕಮಿಟಿಯ ಅಧ್ಯಕ್ಷರು ಗುಡಗೇರಿಯ ಕಾಳಿನ ವ್ಯಾಪಾರಿ ಹೊಳಬಸಪ್ಪನವರು. ನಿನ್ನೆ ಅವರು ನಮ್ಮ ತಂದೆಯವರ ಅಂಚೆ ಕಚೇರಿಗೆ ಬಂದು ಕುಳಿತರು. ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ.

“ಅಂದಾನೆಪ್ಪಾರ, ಹುಬ್ಬಳ್ಳ್ಯಾಗ ನಮ್ಮ ಬೀಗರ ಮನ್ಯಾಗ ಪುಸ್ತಕದ ಆಕಾರದ್ದು ಕೇಕ ಮಾಡಿಸಿದ್ರು. ನಾವು ಮಾಸ್ತರ್ಗೆ ಪೇಟಿ ಮಾಡಿಸೂಣು. ನಿಮ್ಮ ಹುಡುಗಿ ಅದನ್ನ ಓದಾಕತ್ತಾಳಲ್ಲ?”

ತಂದೆಯವರು ನನ್ನನ್ನು ಕೇಳದೆಯೇ ಹೌದ್ರಿ ಎಂದರು. ಕೇಳಿದ್ದರೂ ನಾನು ಹೌದೆಂದೇ ಹೇಳುತ್ತಿದ್ದೆ. ಧಾರವಾಡದ ಕಾಲೇಜಿನಲ್ಲಿ, ಗೃಹವಿಜ್ಞಾನದ ಎರಡನೆಯ ವರ್ಷದಲ್ಲಿ, ತರಗತಿಗೆ ನಾನೇ ಮೊದಲಿಗಳು. ಕೇಕಿನ ಪ್ರಾಯೋಗಿಕ ತರಗತಿಯಲ್ಲಿ ಆರು ಜನರ ನಮ್ಮ ಗುಂಪಿನ ಉಳಿದ ಐವರು ಹಿಟ್ಟು ಕಲಸಿದರು, ನಾನು ದಾಖಲೆ ಬರೆದೆ. ಆ ದಾಖಲೆಗೆ ಇಪ್ಪತ್ತಕ್ಕೆ ಇಪ್ಪತ್ತು ಅಂಕಗಳು ಬಂದವು.

ಇನ್ನೊಂದು ಉದ್ದೇಶವೂ ಇದೆ. ಅದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ನನಗೆ ಹನ್ನೊಂದು ವರ್ಷವಿದ್ದಾಗ ತಂದೆಯವರು ನನ್ನನ್ನು ಹನಮಂತಪ್ಪ ಮಾಸ್ತರರ ಬಳಿ ಹಾಡು ಕಲಿಯಲು ಬಿಟ್ಟಿದ್ದರು. ಮಾಸ್ತರರಿಗೆ ಬಾಲ್ಯದಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿವೆ. ಏಳು ದಿನ ನನ್ನಿಂದ ಏಳು ಸ್ವರಗಳನ್ನು ಹಾಡಿಸಿದರು. ಎಂಟನೆಯ ದಿನ ತಂದೆಯವರನ್ನು ಕರೆಸಿ, ಇತರ ಹುಡುಗಿಯರ ಎದುರಿನಲ್ಲಿಯೇ, “ಹುಡುಗಿ ಅಗದಿ ಶ್ಯಾಣ್ಯಾಕಿ ಅದಾಳ್ರಿ. ಖರೆ, ಕಿವಿ ಇಲ್ಲ. ಸುಮ್ನ ಯಾಕ ದಣಸ್ತೀರಿ” ಎಂದರು. ನನ್ನ ಜೀವಮಾನದಲ್ಲಿ ನಾನು ಅನುತ್ತೀರ್ಣಳಾದ ಪರೀಕ್ಷೆ ಅದೊಂದೇ. ಆ ದಿನದಿಂದ ನಾನು ಅವರ ಮನೆಯ ಹೊಸ್ತಿಲು ತುಳಿದಿಲ್ಲ.

ಇಪ್ಪತ್ಮೂರರಂದು, ಊರಿನ ಎದುರಿನಲ್ಲಿ, ಅದೇ ಬಾಯಿಯಿಂದ, ನಾನು ಮಾಡಿದ್ದು ಚೆನ್ನಾಗಿದೆ ಎಂಬ ಮಾತನ್ನು ನಾನು ಕೇಳಬೇಕು.

ಮೇ ೪, ರವಿವಾರ

ಮೊದಲ ಪ್ರಯೋಗ. ಮೈದಾ ಅರ್ಧ ಕಿಲೊ, ಸಕ್ಕರೆ ಮುನ್ನೂರು ಗ್ರಾಂ, ವನಸ್ಪತಿ ಇನ್ನೂರು ಗ್ರಾಂ, ಮೊಸರು, ಹಾಲು, ಹುಬ್ಬಳ್ಳಿಯಿಂದ ತರಿಸಿದ ಬೇಕಿಂಗ್ ಪೌಡರ್, ಅಡುಗೆ ಸೋಡಾ. ಮನೆಯಲ್ಲಿ ಒಲೆಯೊಂದೇ ಇರುವುದರಿಂದ ದೊಡ್ಡ ಪಾತ್ರೆಯಲ್ಲಿ ಉಸುಕು ತುಂಬಿ, ಅದರೊಳಗೆ ಹಿಟ್ಟಿನ ಡಬ್ಬಿಯಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿದೆ. ಒಂದು ತಾಸು ಹತ್ತು ನಿಮಿಷ.

ಪರಿಣಾಮ: ತಳ ಕಪ್ಪು, ನಡುಭಾಗ ಅಂಟು, ಎತ್ತರ ಒಂದೂವರೆ ಅಂಗುಲ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದಳು.

“ಭಾಳ ಗಟ್ಟಿಮುಟ್ಟ ಆಗೇತಿ. ಹೊಲದ ಬದುವಿಗೆ ಕಲ್ಲು ಬೇಕಂತ ನಿಮ್ಮ ಕಾಕಾ ಅನ್ನಾಕತ್ತಿದ್ದ.”

ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು.

ಮೇ ೭, ಬುಧವಾರ

ಎರಡನೆಯ ಪ್ರಯೋಗವೂ ವಿಫಲ. ದೋಷ ಸೂತ್ರದಲ್ಲಿಲ್ಲ, ಉಷ್ಣತೆಯಲ್ಲಿದೆ ಎಂದು ತೀರ್ಮಾನಿಸಿದೆ. ಸಮನಾದ ಉಷ್ಣತೆ ಈ ಊರಿನಲ್ಲಿ ಸಿಗುವುದು ಒಂದೇ ಕಡೆ: ಬಸ್ ನಿಲ್ದಾಣದ ಹಿಂದಿರುವ ಬಾಬಾಸಾಬನ ಬೇಕರಿಯ ಭಟ್ಟಿಯಲ್ಲಿ. ಮಧ್ಯಾಹ್ನ ಅಲ್ಲಿಗೆ ಹೋದೆ.

ಬಾಬಾಸಾಬನ ಮಗಳು ಶಹನಾಜ ನನ್ನ ಸಹಪಾಠಿಯಾಗಿದ್ದವಳು. ಏಳನೆಯ ಇಯತ್ತೆಯಲ್ಲಿ ನಾನು ಮೊದಲನೆಯವಳು, ಅವಳು ಎರಡನೆಯವಳು. ಆ ವರ್ಷವೇ ಅವಳ ತಾಯಿ ತೀರಿಕೊಂಡರು. ಅವಳು ಶಾಲೆ ಬಿಟ್ಟು ತಂದೆಯ ಜೊತೆ ಭಟ್ಟಿಗೆ ನಿಂತಳು. ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದವಳು ನನ್ನನ್ನು ನೋಡಿ, “ಬಾ ಬೇ ಪ್ರೊಫೆಸರ. ಏಳು ವರ್ಷದ ಮ್ಯಾಲೆ ಹಾದಿ ಸಿಕ್ತೇನು?” ಎಂದಳು.

ನಾನು ಬಂದ ಕೆಲಸವನ್ನು ವಿವರಿಸಿ, ಭಟ್ಟಿಯ ಉಷ್ಣತೆ ಎಷ್ಟಿರುತ್ತದೆ ಎಂದು ಬಾಬಾಸಾಬನನ್ನು ಕೇಳಿದೆ.

“ಅದು ಪಾವಕ್ಕ ಒಂದು ನಮೂನಿ, ಖಾರಿ ಬಿಸ್ಕೀಟಿಗೆ ಒಂದು ನಮೂನಿ, ಬೇಟಾ. ಪಾವ ತಗದ ಮ್ಯಾಲೆ ಕೈ ಒಳಗ ಹಿಡೀಬೇಕು. ಹತ್ತು ಎಣಿಸೂತನಾ ತಡೀತು ಅಂದ್ರ ಕೇಕಿನ ಹದ.”

“ಎಷ್ಟು ವೇಗವಾಗಿ ಎಣಿಸಬೇಕು?”

“ನನ್ನಂಗ.”

ಇದನ್ನು ಹೇಗೆ ದಾಖಲಿಸುವುದೋ ತಿಳಿಯದೆ, “ಹತ್ತು ಎಣಿಕೆ (ಬಾಬಾಸಾಬ)” ಎಂದು ಬರೆದುಕೊಂಡೆ. ತತ್ತಿ ತಾಗಿರದ ಹೊಸ ಪತ್ರಾಸಿನ, ಅಂದರೆ ತಗಡಿನ, ಡಬ್ಬಿಯನ್ನು ಪೇಟಿಯ ಅಳತೆಗೆ ಮಾಡಿಸಿಕೊಡುವುದಾಗಿ ಅವನೇ ಹೇಳಿದ. ಎರಡು ಮೊಳ ಉದ್ದವಿದ್ದರೆ ಭಟ್ಟಿಯ ಬಾಯಿಗೆ ಹಿಡಿಸುವುದಿಲ್ಲ, ಒಂದು ಮೊಳ ಸಾಕು ಎಂದ. ಇದು ನನಗೆ ಹೊಳೆದಿರಲಿಲ್ಲ.

ಮೇ ೯, ಶುಕ್ರವಾರ

ಮೂರನೆಯ ಪ್ರಯೋಗ, ಭಟ್ಟಿಯಲ್ಲಿ. ಕೇಕು ಉಬ್ಬಿತು. ನಾನು ಕಣ್ಣಾರೆ ನೋಡಿದೆ. ಆಮೇಲೆ ನಡುವೆ ಕುಸಿದು ಕೆರೆಯ ಹಾಗಾಯಿತು.

ಪುಸ್ತಕದ ಪ್ರಕಾರ ಇದಕ್ಕೆ ಐದು ಕಾರಣಗಳಿರಬಹುದು. ಶಹನಾಜಳ ಪ್ರಕಾರ ಒಂದೇ ಕಾರಣ. “ಬಾಣಂತಿ ಖೋಲಿ ಬಾಗಲಾ ತಗದಂಗ ಎಷ್ಟ ಸಲ ತಗೀತಿ? ಅದಕ್ಕ ಥಂಡಿ ಹತ್ತಂಗಿಲ್ಲೇನು?”

ವೀಕ್ಷಣೆಯೇ ವಿಜ್ಞಾನದ ತಳಹದಿ ಎಂದು ನಾನು ಅವಳಿಗೆ ತಿಳಿಸಿದೆ.

“ಹಂಗಾರ ಈ ತಗ್ಗಿನ್ಯಾಗ ನೀರ ಹಾಕಿ ಬಾತುಕೋಳಿ ಬಿಡು, ಅದನ್ನೂ ವೀಕ್ಷಣಾ ಮಾಡು,” ಎಂದಳು. ಬಾಬಾಸಾಬ ಆಚೆ ತಿರುಗಿ ನಕ್ಕ. ನಾನು ಸಿಟ್ಟು ಮಾಡಿಕೊಂಡೆನೆಂದೇ ನನ್ನ ಅಭಿಪ್ರಾಯ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಬಾತುಕೋಳಿ ಎರಡು ಸಲ ನೆನಪಾಗಿ ನಗು ಬಂದಿತು. ಇದರ ಅರ್ಥವೇನೋ ಗೊತ್ತಾಗಲಿಲ್ಲ.

ಮೇ ೧೧, ರವಿವಾರ

ನಿನ್ನೆ ಸಂಜೆ ಚಂದ್ರ ಕಾಣಿಸಿತಂತೆ. ಇಂದಿನಿಂದ ಬಾಬಾಸಾಬನ ಮನೆಯಲ್ಲಿ ರೋಜಾ. ನಸುಕಿನಿಂದ ಹೊತ್ತು ಮುಳುಗುವವರೆಗೆ ತಂದೆ ಮಗಳು ಹನಿ ನೀರು ಮುಟ್ಟುವುದಿಲ್ಲ, ಈ ಬಿಸಿಲಿನಲ್ಲಿ, ಆ ಬೆಂಕಿಯ ಎದುರಿಗೆ. ಕೆಲಸ ನಿಲ್ಲಿಸಬೇಕಾಗಬಹುದು ಎಂದುಕೊಂಡು ಹೋದೆ. ಭಟ್ಟಿ ಎಂದಿನಂತೆ ಉರಿಯುತ್ತಿತ್ತು.

ಒಂದು ವೈಜ್ಞಾನಿಕ ತೊಡಕು ಎದುರಾಗಿದೆ. ರುಚಿ ನೋಡಬಲ್ಲವರು ಅವರು, ಆದರೆ ಹಗಲು ನೋಡುವಂತಿಲ್ಲ. ನಾನು ನೋಡಬಹುದು, ಆದರೆ ನನಗೆ ಎಲ್ಲವೂ ಸಿಹಿ ಎಂದಷ್ಟೇ ತಿಳಿಯುತ್ತದೆ. ಕೊನೆಗೆ ಶಹನಾಜ ಮೊನ್ನೆಯ ಕೇಕಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು. ಸಂಜೆ ರೋಜಾ ಬಿಟ್ಟ ಮೇಲೆ ತಿಂದು, ಫಲಿತಾಂಶವನ್ನು ಮರುದಿನ ತಿಳಿಸುತ್ತಾಳೆ. ನನ್ನ ಉತ್ತರಪತ್ರಿಕೆಯನ್ನು ಅವಳು ಮನೆಗೆ ಒಯ್ದಂತಾಯಿತು.

ಮೇ ೧೪, ಬುಧವಾರ

ಶಹನಾಜ ತಿಳಿಸಿದ ಫಲಿತಾಂಶ ಹೀಗಿತ್ತು: “ಅಬ್ಬಾ ತಿಂದು, ‘ಸೋಡಾ ಹೆಚ್ಚಾಗೇತಿ, ಹುಡುಗಿ ಮುಂದ ಅನಬ್ಯಾಡ, ಬ್ಯಾಸರಾ ಮಾಡ್ಕೋತಾಳ’ ಅಂದ್ರು.”

“ಮತ್ತೆ ನೀನು ಹೇಳಿದಿಯಲ್ಲ?”

“ನೀ ಬ್ಯಾಸರಾ ಮಾಡ್ಕೊಂಡ್ರ ನನಗೇನ ಹೋಗೂದೈತಿ?”

ಸೋಡಾ ಅರ್ಧಕ್ಕಿಳಿಸಿದೆ. ನಾಲ್ಕನೆಯ ಪ್ರಯೋಗದ ವೇಳೆ ಒಂದು ಸಂಗತಿ ನಡೆಯಿತು. ಅದನ್ನು ಎಚ್ಚರದಿಂದ ಬರೆಯುತ್ತೇನೆ.

ಮುಕ್ಕಾಲು ತಾಸಾದ ಮೇಲೆ ಶಹನಾಜ ಉದ್ದ ಹಿಡಿಕೆಯ ಹಲಗೆಯಿಂದ ಡಬ್ಬಿಯನ್ನು ಭಟ್ಟಿಯ ಬಾಯಿಗೆ ಎಳೆದಳು. ಕಡ್ಡಿ ಚುಚ್ಚಿ ನೋಡುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ, ಕೇಕಿನ ಹತ್ತಿರ ಕಿವಿ ಹಿಡಿದು, “ಇನ್ನೂ ಮಾತಾಡಾಕತ್ತೇತಿ” ಎಂದು ಒಳಗೆ ನೂಕಿದಳು. ಇದೆಂಥ ವಿಧಾನ, ಯಾವ ಅಧ್ಯಾಯದಲ್ಲಿದೆ ಎಂದು ಕೇಳಿದೆ. ರೋಜಾದ ತಿಂಗಳು ನಾಲಿಗೆಗೆ ರಜೆ, ಮೂಗು ಹೊಗೆಯಿಂದ ಕಟ್ಟಿರುತ್ತದೆ, ಹೀಗಾಗಿ ಕೇಳಿ ನೋಡುವುದನ್ನು ರೂಢಿ ಮಾಡಿಕೊಂಡೆ ಎಂದಳು. ಹತ್ತು ನಿಮಿಷದ ನಂತರ ಮತ್ತೆ ಎಳೆದು ನನ್ನನ್ನು ಕರೆದಳು.

ನಾನು ಬಗ್ಗಿದೆ. ಮುಖಕ್ಕೆ ಝಳ ಹೊಡೆಯಿತು. ಬಸ್ಸಿನ ಹಾರ್ನು ಕೇಳಿಸಿತು, ಸಂತೆಗೆ ಹೊರಟವರ ಮಾತು ಕೇಳಿಸಿತು.

“ಕೇಳಸ್ತೇನು?”

“ಇಲ್ಲ. ಯಾಕೆಂದರೆ ಉಷ್ಣತೆಯ ಕಾರಣದಿಂದ...”

“ಬಾಯಿ ಮುಚ್ಚಿದ್ರ ಕೇಳಸ್ತೈತಿ.”

ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ, ಎಲ್ಲದರ ಕೆಳಗೆ, ಬಹಳ ಸಣ್ಣದಾಗಿ, ನೆನೆಹಾಕಿದ ಕಡಲೆಬೇಳೆ ನೀರು ಕುಡಿಯುವಾಗ ಬರುವಂತಹ ಚಿಟಿಚಿಟಿ ಸದ್ದು. ಒಂದು ಕಡೆ ನಿಂತಿತ್ತು, ಇನ್ನೊಂದು ಮೂಲೆಯಲ್ಲಿ ನಡೆದಿತ್ತು. ನಾನು ಆ ಮೂಲೆಯನ್ನು ಬೆರಳಿನಿಂದ ತೋರಿಸಿದೆ. ಶಹನಾಜ ಆ ಮೂಲೆಯನ್ನು ಬೆಂಕಿಯ ಕಡೆಗೆ ತಿರುಗಿಸಿ ಮತ್ತೆ ಒಳಗಿಟ್ಟಳು.

ವಿವರಣೆ: ಹಿಟ್ಟಿನೊಳಗಿನ ತೇವಾಂಶ ಆವಿಯಾಗಿ ಗುಳ್ಳೆಗಳು ಒಡೆಯುವುದರಿಂದ ಈ ಸದ್ದು ಉಂಟಾಗುತ್ತದೆ, ತೇವಾಂಶ ತಗ್ಗಿದಂತೆ ಸದ್ದು ನಿಲ್ಲುತ್ತದೆ. ಆದ್ದರಿಂದ ಇದನ್ನು ಒಂದು ವಿಧಾನವೆಂದು ಒಪ್ಪಲು ಅಡ್ಡಿಯಿಲ್ಲ.

ಮೇ ೧೫, ಗುರುವಾರ

ದಾಖಲಿಸುವಂತಹದ್ದೇನೂ ಇಲ್ಲ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ದೊಡ್ಡದಾದಂತೆ ಬಡಿತದ ಸಪ್ಪಳ ತೆಳ್ಳಗಾಗುತ್ತದೆ. ಇದು ಮೊದಲಿನಿಂದಲೂ ಹೀಗೆಯೇ ಇತ್ತೇ ಎಂದು ಅವ್ವನನ್ನು ಕೇಳಿದೆ. ಬಿಸಿಲಿನಲ್ಲಿ ಅಡ್ಡಾಡಬೇಡ ಎಂದಳು.

ಮೇ ೧೮, ರವಿವಾರ

ಐದನೆಯ ಪ್ರಯೋಗ ಸಫಲವಾಯಿತು. ಮೇಲ್ಮೈ ಸಮ, ನಡುಭಾಗ ಹಗುರ. ಶಹನಾಜಳ ಮನೆಯ ಫಲಿತಾಂಶ: “ಅಬ್ಬಾ ಎರಡನೇ ತುಂಡ ಬೇಡಿದ್ರು.”

ಇನ್ನು ಅಲಂಕಾರ. ಬೆಣ್ಣೆ ಸಕ್ಕರೆಯ ಲೇಪ ಈ ಸೆಖೆಯಲ್ಲಿ ಅರ್ಧ ತಾಸಿಗೆ ಸೋರುತ್ತದೆ. ಪುಸ್ತಕದಲ್ಲಿ ಪರಿಹಾರವಿಲ್ಲ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: “ಖವಾ ಕೆಂಪಗ ಹುರದು ಹಚ್ಚು. ಪೇಢೆ ಬಣ್ಣಾ ಬರ್ತೈತಿ, ಕಟಿಗಿ ಕಂಡಂಗ ಕಾಣ್ತೈತಿ. ಕರಿದಕ್ಕ ಎಳ್ಳು ಬೆಲ್ಲ, ಬಿಳಿದಕ್ಕ ಕೊಬ್ಬರಿ ಬರ್ಫಿ.” ಮಾದರಿಗೆ ಒಂದೊಂದು ತುಂಡು ಮಾಡಿಯೂ ಕೊಟ್ಟಳು. ಖವಾದ ಲೇಪ ಹಳೆಯ ಸಾಗವಾನಿಯಂತೆ ಹೊಳೆಯಿತು.

ನಕ್ಷೆಯನ್ನು ಆಲೇಖ (ಗ್ರಾಫ್) ಕಾಗದದ ಮೇಲೆ ನಾನೇ ತಯಾರಿಸಿದ್ದೇನೆ. ಸ್ವರ ನುಡಿಸುವ ಬಿಳಿ ಪಟ್ಟಿಗಳು ಹದಿನಾಲ್ಕು. ಪ್ರತಿ ಎರಡು ಬಿಳಿ ಪಟ್ಟಿಗಳ ನಡುವೆ ಒಂದು ಕರಿ ಪಟ್ಟಿಯಂತೆ ಕರಿ ಪಟ್ಟಿಗಳು ಹದಿಮೂರು. ಅಂತರ ಎಲ್ಲ ಕಡೆ ಸಮ.

ಶಹನಾಜ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. “ನಾ ದಿನಾ ಮಾಸ್ತರ ಮನಿಗೆ ಪಾವ ಕೊಡಾಕ ಹೋಗ್ತೀನಿ. ನಾಳೆ ನನ್ನ ಜೋಡಿ ಬಂದು ಒಮ್ಮೆ ಪೇಟಿ ನೋಡು. ನನಗ ಯಾಕೋ ಹಿಂಗ ಇದ್ದಂಗ ಅನಸಂಗಿಲ್ಲ.”

ಇದು ಅಳತೆಗೆ ಸರಿಯಾಗಿ ಬರೆದ ನಕ್ಷೆ, ಊಹೆಯಿಂದ ಬರೆದದ್ದಲ್ಲ ಎಂದೆ. ಮಾಸ್ತರರ ಮನೆಗೆ ನಾನು ಹೋಗುವ ಅವಶ್ಯಕತೆಯಿಲ್ಲ ಎಂದೂ ಹೇಳಿದೆ.

“ಹಂಗಾರ ಆತು. ಓದಿದಾಕಿ ನೀನು,” ಎಂದು ಕಾಗದವನ್ನು ಮಡಚಿ ಕೊಟ್ಟಳು.

ಮೇ ೨೧, ಬುಧವಾರ

ಇಂದು ಹೊಳಬಸಪ್ಪನವರು ಮನೆಗೆ ಬಂದಿದ್ದರು. ಸಮಾರಂಭಕ್ಕೆ ಮಠದ ಅಜ್ಜನವರು, ಅಂದರೆ ಸ್ವಾಮಿಗಳು, ದಯಮಾಡಿಸುತ್ತಾರಂತೆ. “ಭಟ್ಟಿಯಾಗ ಬೇಯಿಸಿದ್ದು ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ. ಅಲ್ಲೆ ತತ್ತಿ ಒಡೀತಾರ ಅಂತ ಯಾರರೇ ಒಬ್ರು ಎದ್ದು ನಿಂತ್ರ ಕಾರ್ಯಕ್ರಮ ಕೆಡ್ತೈತಿ.”

“ಇಲ್ರಿ, ಇಲ್ರಿ,” ಎಂದರು ತಂದೆಯವರು.

“ಆ ಭಟ್ಟಿ ಪಾವ ಎಲ್ಲಾರೂ ಚಾದಾಗ ಎದ್ದಿ ತಿಂತಾರಲ್ಲ,” ಎಂದು ಅವ್ವ ಒಳಗಿನಿಂದ ಅಂದಳು. ಹೊಳಬಸಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಚಹಾದ ಬಟ್ಟಲುಗಳನ್ನು ಎತ್ತಿಕೊಂಡೆ.

ವಿಷಯವನ್ನು ಶಾಂತವಾಗಿ ಪರಿಶೀಲಿಸಿದರೆ: ಕೇಕಿನಲ್ಲಿ ತತ್ತಿ ಇಲ್ಲ, ಇದು ಸತ್ಯ. ಎಲ್ಲಿ ಬೇಯಿಸಿದ್ದು ಎಂಬುದನ್ನು ಯಾರೂ ಕೇಳದಿದ್ದರೆ ಹೇಳಬೇಕಾಗಿಲ್ಲ, ಇದೂ ಸತ್ಯ. ಹೇಳದಿರುವುದು ಸುಳ್ಳು ಹೇಳಿದಂತಲ್ಲ. ಕೊನೆಯ ವಾಕ್ಯವನ್ನು ಮೂರು ರೀತಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ. ವ್ಯಾಕರಣ ಸರಿಯಾಗಿಯೇ ಇದೆ. ಆದರೂ ವಾಕ್ಯ ನಿಲ್ಲುತ್ತಿಲ್ಲ.

ಮೇ ೨೩, ಶುಕ್ರವಾರ, ಮಧ್ಯಾಹ್ನ

ಬಾಬಾಸಾಬ ಜುಮ್ಮಾದ ನಮಾಜಿಗೆ ಹೋಗಿದ್ದ. ಭಟ್ಟಿಯಲ್ಲಿ ಕೈ ಹಿಡಿದು ನಾನೇ ಹತ್ತು ಎಣಿಸಿದೆ. ಸದ್ದು ನಾನೇ ಕೇಳಿದೆ. ಒಂದು ಮೂಲೆ ಇನ್ನೂ ಇದೆ ಎಂದು ಶಹನಾಜ ಹೇಳಿದಳು, ನಿಂತಿದೆ ಎಂದು ನಾನು ಹೇಳಿದೆ. ಅವಳು ಮತ್ತೊಮ್ಮೆ ಕೇಳಿ, “ಹೌದು, ನಿಂತೈತಿ” ಎಂದು ಹೊರಗೆ ತೆಗೆದಳು.

ಖವಾ ಹಚ್ಚಿಯಾಯಿತು. ಪಟ್ಟಿಗಳನ್ನು ಅಂಟಿಸಿಯಾಯಿತು. ಎಲ್ಲ ನಕ್ಷೆಯಂತೆಯೇ ಇದೆ. ಈಗ ಸೀರೆ ಉಡಬೇಕು.

ಮೇ ೨೪, ಶನಿವಾರ, ಬೆಳಿಗ್ಗೆ

ನಡೆದದ್ದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ನಾಲ್ಕೂವರೆಗೆ ಶಹನಾಜ ಮತ್ತು ನಾನು ಕೇಕಿನ ಹಲಗೆಯನ್ನು ಹಿಡಿದುಕೊಂಡು ಹಿತ್ತಲ ದಾರಿಯಿಂದ ಸಮಾರಂಭ ನಡೆಯುವ ಶಾಲೆಗೆ ಹೋದೆವು. ಮುಂದಿನ ತುದಿ ಅವಳದು, ಹಿಂದಿನ ತುದಿ ನನ್ನದು. ಎರಡು ಸಲ ನಿಂತು ಕೈ ಬದಲಿಸಿದೆವು. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಶಾಲೆಯ ಹಿಂಬಾಗಿಲಿನಲ್ಲಿ ಕಮಿಟಿಯ ಇಬ್ಬರು ಬಂದು ಅವಳ ತುದಿಯನ್ನು ತೆಗೆದುಕೊಂಡರು. ಅವಳು ಹೊರಗೆ ಬೇವಿನ ಗಿಡದ ಕೆಳಗೆ, ತನ್ನ ತಂದೆ ನಿಂತಿದ್ದ ಕಡೆಗೆ ಹೋದಳು.

ಅಂಗಳ ತುಂಬಿತ್ತು. ಮಾಸ್ತರರು ನಡುವಿನ ಕುರ್ಚಿಯಲ್ಲಿ, ಅಜ್ಜನವರು ಪಕ್ಕದ ಗದ್ದುಗೆಯಲ್ಲಿ. ಭಾಷಣಗಳಾದವು. ಹೊಳಬಸಪ್ಪನವರು ನನ್ನ ಶ್ರೇಣಿಯನ್ನು ಹೇಳಿದರು, ಅಂಕಗಳನ್ನು ಎಂಟರಷ್ಟು ಹೆಚ್ಚು ಮಾಡಿ ಹೇಳಿದರು. ಕೇಕನ್ನು ಮೇಜಿನ ಮೇಲಿಟ್ಟಾಗ ಜನ ಎದ್ದು ನಿಂತು ನೋಡಿದರು. ಹಿಂದಿನ ಸಾಲಿನಿಂದ ಯಾರೋ ಕೇಳಿಯೇ ಬಿಟ್ಟರು: “ತತ್ತಿ ಹಾಕ್ಯಾರೇನ್ರಿ ಅದಕ್ಕ?”

ತಂದೆಯವರು ಮೈಕು ಹಿಡಿದರು. “ಒಂದೂ ತತ್ತಿ ಇಲ್ರಿ. ನಮ್ಮ ಮನ್ಯಾಗ, ನಮ್ಮ ಒಲಿ ಮ್ಯಾಲೆ, ನನ್ನ ಮಗಳು ಒಬ್ಬಾಕಿನ ಮಾಡಿದ್ದು.”

ಜನ ಚಪ್ಪಾಳೆ ತಟ್ಟಿದರು. ನನ್ನ ಎದುರಿಗೇ ಇನ್ನೊಂದು ಮೈಕು ಇತ್ತು. ನಾನು ಕೇಕಿನ ಅಂಚಿನಲ್ಲಿದ್ದ ಖವಾದ ಒಂದು ಗೆರೆಯನ್ನು ನೋಡುತ್ತ ನಿಂತೆ.

ಆಮೇಲೆ ಮಾಸ್ತರರ ಕೈಗಳನ್ನು ಹಿಡಿದು ಕೇಕಿನ ಮೇಲೆ ಇಟ್ಟರು. ಅವರು ಮೊದಲು ಪೆಟ್ಟಿಗೆಯ ಬದಿಗಳನ್ನು ಸವರಿದರು. ಹಿಂದಿನ ಗಾಳಿತಿದಿಯ ಮಡಿಕೆಗಳನ್ನು ಸವರಿ ನಕ್ಕರು. ಬೆರಳುಗಳು ಪಟ್ಟಿಗಳ ಮೇಲೆ ಬಂದವು, ನಿಜವಾದ ಪೇಟಿಯ ಮೇಲೆ ಬರುವ ಹಾಗೆ. ಎಡದಿಂದ ಬಲಕ್ಕೆ ಸರಿದವು. ನಿಂತವು. ಹಿಂದಕ್ಕೆ ಹೋಗಿ ಮತ್ತೆ ಸರಿದವು.

“ಇಲ್ಲೊಂದು ಕರಿ ಹೆಚ್ಚಾಗೇತಿ,” ಎಂದು ಒಂದು ಪಟ್ಟಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನಷ್ಟು ಮುಂದೆ ಸರಿದು, “ಇಲ್ಲೊಂದು,” ಎಂದು ಎರಡನೆಯದನ್ನು ಕಿತ್ತರು. ಆಮೇಲೆ ಮೂರನೆಯದು. ಮೂರನ್ನೂ ನಿಧಾನವಾಗಿ ತಿಂದು, ಕೈ ಒರೆಸಿಕೊಂಡು, “ಹಾಂ. ಈಗ ಪೇಟಿ ಸರಿ ಆತು. ಎಳ್ಳು ಭಾಳ ರುಚಿ ಆಗ್ಯಾವು,” ಎಂದರು. ಅಂಗಳಕ್ಕೆ ಅಂಗಳವೇ ನಕ್ಕಿತು. ಅಜ್ಜನವರೂ ನಕ್ಕರು.

ಎಳ್ಳು ಅವ್ವ ಮಾಡಿದ್ದು.

ಆಮೇಲೆ ಮಾಸ್ತರರು ಕೇಕಿನ ತುಂಡು ತಿಂದರು. ತಿನ್ನುತ್ತಿದ್ದಂತೆ ಅವರ ಮುಖ ತಟ್ಟನೆ ಬದಲಾಯಿತು. “ಬೇಯಿಸಿದಾಕಿ ಎಲ್ಲಿ ಅದಾಳ? ಬಾ ಇಲ್ಲೆ. ಮೂಲಿ ಮೂಲಿ ಒಂದ ಹದಕ್ಕ ಬೆಂದೈತಲ್ಲ. ನಿನಗ ಹೆಂಗ ತಿಳೀತು ಬೆಂದೈತಿ ಅಂತ?”

“ಸದ್ದು ನಿಂತಾಗ್ರಿ,” ಎಂದೆ. ಯೋಚಿಸಿ ಹೇಳಿದ್ದಲ್ಲ.

ಮಾಸ್ತರರು ತಲೆಯನ್ನು ಸ್ವಲ್ಪ ಓರೆ ಮಾಡಿ ನನ್ನ ಕಡೆಗೆ ತಿರುಗಿದರು. “ಯಾರು ಕಲಿಸಿದ್ರವಾ ಇದನ್ನ ನಿನಗ?”

ಮೈಕು ಚಾಲೂ ಇತ್ತು. ತಂದೆಯವರು ನನ್ನನ್ನು ನೋಡುತ್ತಿದ್ದರು. “ಕಾಲೇಜಿನ್ಯಾಗ್ರಿ,” ಎಂದೆ.

ಕೇಕು ಹಂಚಿದರು. ಬೇವಿನ ಗಿಡದವರೆಗೂ ತಟ್ಟೆ ಹೋಯಿತು. ಶಹನಾಜ ತನ್ನ ಪಾಲಿನ ತುಂಡನ್ನು ಕಾಗದದಲ್ಲಿ ಹಿಡಿದುಕೊಂಡು, ಹೊತ್ತು ಮುಳುಗುವುದನ್ನು ಕಾಯುತ್ತ ನಿಂತಿದ್ದಳು. ಮಸೀದಿಯ ಬಾಂಗು ಕೇಳಿಸಿದಾಗ ನಾನು ಆ ಕಡೆ ನೋಡಲಿಲ್ಲ.

ಒಟ್ಟಾರೆ ಸಮಾರಂಭ ಯಶಸ್ವಿಯಾಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ. ನನಗೆ ಬೇಕಾದ ಮಾತು ನನಗೆ ಸಿಕ್ಕಿತೋ ಇಲ್ಲವೋ ನಿರ್ಧರಿಸಲಾರೆ. ಸಿಕ್ಕಿದ್ದರೆ ಅದು ಯಾವುದಕ್ಕೆ ಸಿಕ್ಕಿತು ಎಂಬುದೂ ಸ್ಪಷ್ಟವಿಲ್ಲ.

ಮೇ ೨೬, ಸೋಮವಾರ

ಡಬ್ಬಿ ಹಿಂದಿರುಗಿಸುವ ನೆಪದಿಂದ ಭಟ್ಟಿಗೆ ಹೋದೆ. ಶಹನಾಜ ಬನ್ನಿನ ಉಂಡೆಗಳನ್ನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ನಿಮ್ಮ ಮನ್ಯಾಗ ಭಟ್ಟಿ ಯಾವಾಗ ಕಟ್ಟಿಸಿದ್ರಿ ಬೇ? ನಮ್ಮನ್ನೂ ಒಂದಿನಾ ಕರಿ, ನೋಡಿ ಬರ್ತೀವಿ.”

“ಬಿಡು, ಬೇಟಿ,” ಎಂದ ಬಾಬಾಸಾಬ. “ಸಭಾದ ಮಾತು ಸಭಾಕ್ಕ. ಅಂದಾನೆಪ್ಪಾರು ಭಾಳ ಚಲೋ ಮನಷ್ಯಾ.”

ತಂದೆಯವರು ಹಾಗೆ ಹೇಳುತ್ತಾರೆಂದು ನನಗೆ ಮೊದಲು ಗೊತ್ತಿರಲಿಲ್ಲ ಎಂದೆ.

“ಹೇಳಿದ ಮ್ಯಾಲೆ ಗೊತ್ತಾತಲ್ಲ?” ಎಂದಳು ಶಹನಾಜ. ಸಿಟ್ಟಿನಿಂದಲ್ಲ. ಹಿಟ್ಟು ಸಾಲದು, ಇನ್ನಷ್ಟು ಹಾಕು ಎನ್ನುವ ಹಾಗೆ.

ಇದಕ್ಕೆ ಉತ್ತರವನ್ನು ಸಿದ್ಧಪಡಿಸಿದೆ. ಮೂರು ಉತ್ತರಗಳಾದವು. ಮೂರೂ ಸುಸಂಬದ್ಧವಾಗಿದ್ದವು. ಒಂದನ್ನೂ ಹೇಳಲಾಗಲಿಲ್ಲ. ಕರಿ ಪಟ್ಟಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿಯಾಗಿತ್ತು ಎಂದು ಮಾತ್ರ ಹೇಳಿದೆ.

“ಅದು ನನಗ ಅವತ್ತ ಗೊತ್ತಿತ್ತು.”

“ಹಾಗಾದರೆ ಜಗಳ ಮಾಡಿ ಹೇಳಬೇಕಿತ್ತು.”

“ನಿನ್ನ ಜೋಡಿ ಜಗಳಾ ಮಾಡಾಕ ಹೊಟ್ಟ್ಯಾಗ ಏನರೇ ಇರಬೇಕಲ್ಲ. ರೋಜಾದಾಗ ಆಗಂಗಿಲ್ಲ,” ಎಂದಳು. ಆಮೇಲೆ ಹಿಟ್ಟಿನ ಒಂದು ಮುದ್ದೆಯನ್ನು ನನ್ನ ಕಡೆಗೆ ನೂಕಿದಳು. “ನಿಂತೀ ಯಾಕ? ಉಂಡಿ ಮಾಡು. ಒಂದ ಅಳತಿ ಇರಲಿ, ಆಲೇಖ ಕಾಗದ ಬ್ಯಾಡ.”

ಎರಡು ತಾಸು ಉಂಡೆ ಮಾಡಿದೆ. ನಡುವೆ ಮೂರು ಬಾರಿ ನನ್ನ ಉಂಡೆಗಳನ್ನು ಮುರಿದು ಮತ್ತೆ ಕಟ್ಟಿಸಿದಳು. ಹೊರಡುವಾಗ ಬಾಬಾಸಾಬ ಎರಡು ಬಿಸಿ ಬನ್ನು ಕೊಟ್ಟ. ಅವರ ಎದುರಿಗೆ ತಿನ್ನಲಾಗದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಯಾಕೋ ಸಂಜೆಯವರೆಗೆ ಇಟ್ಟುಕೊಂಡೆ.

ಇದು ಈ ವಹಿಯ ಉದ್ದೇಶಕ್ಕೆ ಸಂಬಂಧಪಟ್ಟ ಸಂಗತಿಯಲ್ಲ.

ಮೇ ೨೮, ಬುಧವಾರ

ಇಂದು ಹನಮಂತಪ್ಪ ಮಾಸ್ತರರು ನಮ್ಮ ಮನೆಗೆ ಬಂದಿದ್ದರು. ಹೊಳಬಸಪ್ಪನವರು ಅವರ ಕೈ ಹಿಡಿದು ಕರೆತಂದಿದ್ದರು. ತಂದೆಯವರು ಕಚೇರಿಯಿಂದ ಓಡಿ ಬಂದು ಕಂಬಳಿ ಹಾಸಿದರು. ಅವ್ವ ಚಹಾ ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಎಲ್ಲಿ ಅದಾಳ ಹುಡುಗಿ?” ಎಂದರು ಮಾಸ್ತರರು.

ನಾನು ಎದುರಿಗೆ ಹೋಗಿ ನಿಂತೆ.

“ಮೊನ್ನೆ ಮಂದಿ ನಕ್ಕದ್ದು ನಿನಗ ಬ್ಯಾಸರಾ ಆಗಿರಬೇಕು, ತಂಗಿ. ನನಗೂ ಮನಿಗೆ ಹ್ವಾದ ಮ್ಯಾಲೆ ಸಮಾಧಾನ ಆಗಲಿಲ್ಲ. ಅರವತ್ತು ವರ್ಷದಾಗ ನನಗ ಯಾರೂ ಹಿಂತಾದ್ದು ಮಾಡಿಕೊಟ್ಟಿರಲಿಲ್ಲ.” ಅವರು ಚಹಾದ ಬಟ್ಟಲನ್ನು ತಡಕಿ ಕೆಳಗಿಟ್ಟರು. “ರವಿವಾರ ಸಾಲ್ಯಾಗ ಕಮಿಟಿಯವರು ಮತ್ತ ಕೂಡ್ತಾರ. ಊರವರು ಎಲ್ಲಾ ಬರ್ತಾರ. ನಿನಗ ಶಾಲ ಹೊದಸಬೇಕಂತ ಮಾಡೇವಿ. ನಾನ ಹೊದಸ್ತೀನಿ. ನಿನ್ನ ಹೆಸರು ತಗೊಂಡು, ಇಕಿ ಕೈಕೆಲಸ ಭಾಳ ದೊಡ್ಡದು ಅಂತ ನನ್ನ ಬಾಯಿಲೆ ಹೇಳ್ತೀನಿ.”

“ಪೇಪರಿನವ್ರನೂ ಕರಿಸೇವಿ,” ಎಂದರು ಹೊಳಬಸಪ್ಪನವರು. “‘ಸ್ವಂತ ಮನೆಯಲ್ಲಿ ತಯಾರಿಸಿದ’ ಅಂತ ಹೆಡ್ಡಿಂಗಿನ್ಯಾಗ ಬರ್ತೈತಿ.”

“ಬರ್ತಾಳ್ರಿ. ಬರದ ಏನು,” ಎಂದರು ತಂದೆಯವರು. ಅವರ ಕಣ್ಣುಗಳು ತುಂಬಿದ್ದವು.

ಮಾಸ್ತರರು ತಂದೆಯವರ ಕಡೆಗೆ ತಿರುಗಲಿಲ್ಲ. ನನ್ನ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು. ಕಾಲೇಜಿನ್ಯಾಗ್ರಿ ಎಂಬ ನನ್ನದೇ ಮಾತು ನನಗೆ ಮತ್ತೊಮ್ಮೆ ಕೇಳಿಸಿತು.

“ನಾ ಒಲ್ಲೆನ್ರಿ,” ಎಂದೆ.